ಅಂಗೈ ಮೇಲಿನ ಕರಿ ಗೆಡ್ಡೆ

ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗೆ ಹೋದಾಗ ಮ್ಯಾಂಗನೀಸ್ ನಾಡ್ಯೂಲ್, ಅಂದರೆ ಆಳ ಸಮುದ್ರದ ತಳದಲ್ಲಿ ಸಿಗುವ ಲೋಹದ ಗೆಡ್ಡೆಯೊಂದನ್ನು ಕೈಗೆ ಕೊಟ್ಟರು. ಥೇಟ್ ಆಲೂಗಡ್ಡೆ. ಕರಿ ಬಣ್ಣ, ಮೈಯೆಲ್ಲ ಗಂಟುಗಂಟು. ಕೆಳಗಿಟ್ಟ ಮೇಲೆ ನೋಡಿದರೆ ಬೆರಳಿಗೆ ಮಸಿ ಹತ್ತಿತ್ತು.

ಆ ಮಸಿ ನನಗೆ ಹೊಸದಲ್ಲ. ನಾನು ಸಂಡೂರಿನವನು. ನಮ್ಮ ಗುಡ್ಡಗಳಲ್ಲೂ ಮ್ಯಾಂಗನೀಸ್ ಇದೆ, ಕಬ್ಬಿಣದ ಅದಿರಂತೂ ಇದ್ದೇ ಇದೆ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಅಮ್ಮ ದಿನಕ್ಕೆ ಮೂರು ಸಲ ಕಸ ಹೊಡೆಯುತ್ತಿದ್ದಳು. ಕುಡಿಯುವ ನೀರಿನ ಕೊಡಕ್ಕೆ ಬಟ್ಟೆ ಕಟ್ಟಿದರೂ ತಳದಲ್ಲಿ ಕೆಂಪು ಕೂರುತ್ತಿತ್ತು.

ಸಮುದ್ರದ ಗೆಡ್ಡೆ ಬೆಳೆಯುವ ಬಗೆಯೇ ಬೇರೆ. ಶಾರ್ಕ್ ಹಲ್ಲೋ, ಕಲ್ಲಿನ ಚೂರೋ ತಳದಲ್ಲಿ ಬಿದ್ದಿರುತ್ತದೆ. ಅದರ ಸುತ್ತ ನೀರಿನಲ್ಲಿರುವ ಲೋಹ ಪದರ ಪದರವಾಗಿ ಕೂರುತ್ತದೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್! ನಮ್ಮ 'ಗವೇಷಣಿ' ಹಡಗು ಇಂಥ ಗೆಡ್ಡೆಗಳನ್ನು ಮೊದಲ ಸಲ ಮೇಲೆತ್ತಿದ್ದು 1981ರ ಜನವರಿ 26ರಂದು. ಈಗ ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕಾಟ ನಡೆಸುವ ಹಕ್ಕು ಭಾರತಕ್ಕಿದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ.

ಈ ಗೆಡ್ಡೆಗಳಿಂದ ಬೇಕಾಗಿರುವುದು ನಿಕಲ್, ಕೋಬಾಲ್ಟ್, ತಾಮ್ರ. ಬ್ಯಾಟರಿಗೆ ಬೇಕೇ ಬೇಕು ಅನ್ನುತ್ತಾರೆ. ನಿಕಲ್, ಕೋಬಾಲ್ಟ್ ಎರಡೂ ಇಲ್ಲದ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯಲ್ಲಿ ಎಷ್ಟೊಂದು ಗಾಡಿಗಳು ಓಡುತ್ತಿವೆ ಅಲ್ವಾ? ಹಾಗಿರುವಾಗ ಸಮುದ್ರದ ತಳದಲ್ಲಿ ಗಣಿಗಾರಿಕೆ ಮಾಡುವ ಈ ಅವಸರ ನನಗೆ ಒಪ್ಪಿಗೆಯಿಲ್ಲ.

ಪಾಪುವಾ ನ್ಯೂಗಿನಿಯಲ್ಲಿ ಒಮ್ಮೆ ಅವಸರ ಮಾಡಿ ನೋಡಿದ್ದಾರೆ. ಬಿಸ್ಮಾರ್ಕ್ ಸಮುದ್ರದ 1,600 ಮೀಟರ್ ಆಳದಲ್ಲಿ ತಾಮ್ರ, ಚಿನ್ನ ತೆಗೆಯಲು ನಾಟಿಲಸ್ ಎಂಬ ಕಂಪನಿಗೆ ಪರವಾನಗಿ ಸಿಕ್ಕಿತು. ಸರ್ಕಾರವೂ ಪಾಲು ಹಾಕಿತು. ಅಲ್ಲಿನ ನ್ಯೂ ಐರ್ಲೆಂಡ್ ದ್ವೀಪದ ಮೀನುಗಾರರು ತೆಂಗಿನ ಚಿಪ್ಪಿನ ಗಿಲಕಿಯನ್ನು ನೀರಲ್ಲಿ ಅಲ್ಲಾಡಿಸಿ ಶಾರ್ಕ್‌ಗಳನ್ನು ದೋಣಿ ಬಳಿ ಕರೆಯುತ್ತಾರೆ. ತಲೆಮಾರಿನಿಂದ ಬಂದ ವಿದ್ಯೆ ಅದು. ಗದ್ದಲಕ್ಕೆ, ಕೆಸರಿಗೆ ಶಾರ್ಕ್ ದೂರ ಹೋದರೆ ನಮ್ಮ ಗತಿಯೇನು ಎಂದು ದ್ವೀಪದ ಜನ ಎದ್ದು ನಿಂತರು. 2019ರಲ್ಲಿ ಕಂಪನಿ ದಿವಾಳಿಯಾಯಿತು. ಬಡ ದೇಶದ ದುಡ್ಡು ಮುಳುಗಿತು.

ನನ್ನನ್ನು ಜಾಸ್ತಿ ಕಾಡಿದ್ದು ಪೆರು ಕಡಲಿನ ಕಥೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಅಲ್ಲಿ 4,000 ಮೀಟರ್‌ಗೂ ಆಳದ ತಳವನ್ನು ನೇಗಿಲಿನಂಥ ಸಾಧನದಿಂದ ಉತ್ತರು. ಗಣಿಗಾರಿಕೆ ನಡೆದರೆ ಏನಾಗುತ್ತದೆ ಎಂದು ತಿಳಿಯಲು. 26 ವರ್ಷ ಬಿಟ್ಟು ಹೋಗಿ ನೋಡಿದರೆ ಸಾಲುಗಳು ಹಾಗೇ ಇದ್ದವು. ಅದೇ ಕಡಲಿನ ತಳದಲ್ಲಿ ಆಕ್ಟೋಪಸ್‌ಗಳೂ ಕಂಡಿವೆ. ಗೆಡ್ಡೆಗೆ ಅಂಟಿ ಸ್ಪಂಜು ಬೆಳೆಯುತ್ತದೆ. ಸ್ಪಂಜು ಸತ್ತ ಮೇಲೂ ಅದರ ಕಡ್ಡಿ ನಿಂತಿರುತ್ತದೆ. ಆ ಕಡ್ಡಿಗೆ ತಾಯಿ ಮೊಟ್ಟೆ ಇಟ್ಟು, ಸುತ್ತಿಕೊಂಡು ಕಾವಲು ಕೂರುತ್ತದೆ. ಗೆಡ್ಡೆ ಎತ್ತಿದರೆ ಕಡ್ಡಿಯೂ ಹೋಯಿತು.

ಊರಿಗೆ ಬಂದು ಅಮ್ಮನಿಗೆ ಹೇಳಿದೆ. ಯಂತ್ರ ಎಬ್ಬಿಸುವ ಕೆಸರು ನಿಧಾನಕ್ಕೆ ಹರಡಿ ದೂರದೂರದ ತನಕ ಕೂರುತ್ತದೆ ಎಂದೆ.

"ಅಲ್ಲಿ ಕಸ ಹೊಡೆಯೋರು ಯಾರು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ತಾಯಿ ಎಷ್ಟು ದಿನ ಕಾಯ್ತದ?"

ಕ್ಯಾಲಿಫೋರ್ನಿಯಾ ಕಡೆಯ ಇನ್ನೊಂದು ಜಾತಿಯ ಆಕ್ಟೋಪಸ್ 53 ತಿಂಗಳು ಮೊಟ್ಟೆ ಕಾದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ ಎಂದೆ.

ಅಮ್ಮ ಬೆರಳು ಮಡಚಿ ಎಣಿಸಿದಳು. "ನಾಕು ವರ್ಷದ ಮ್ಯಾಲಾತಲ್ಲಪ್ಪಾ."