ಮೇಷ್ಟ್ರ ಲೇಖನ, ಡಿಲೀಟ್ ಚರ್ಚೆ

14 ನವೆಂಬರ್ 2024, ಗುರುವಾರ ರಾತ್ರಿ

ಆ ಸಂಗೀತ ಮೇಷ್ಟ್ರ ಬಗ್ಗೆ ಇರೋ ಲೇಖನ ಇಡಬೇಕಾ, ಅಳಿಸಬೇಕಾ ಅನ್ನೋ ಚರ್ಚೆಗೆ ನಾಳೆ ಏಳು ದಿನ ತುಂಬತ್ತೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಡಿಲೀಟ್ ಚರ್ಚೆ ಸಾಮಾನ್ಯವಾಗಿ ಅಷ್ಟು ದಿನ ಓಪನ್ ಇರತ್ತೆ, ಆಮೇಲೆ ಯಾರಾದ್ರೂ ಅಡ್ಮಿನ್ (ಪುಟ ಅಳಿಸೋ ಅಧಿಕಾರ ಇರೋ ಸಂಪಾದಕರು) ಬಂದು ಎಲ್ಲಾ ಓದಿ ತೀರ್ಮಾನ ಬರೀತಾರೆ. ನಾನು ‘ಡಿಲೀಟ್’ ಅಂತ ಬರೆದಾಗಿದೆ. ಆಗಿಂದ ಮನಸ್ಸು ಸರಿ ಇಲ್ಲ, ಆದ್ರೆ ಅಭಿಪ್ರಾಯವೇನೂ ಬದಲಾಗಿಲ್ಲ.

ಸಂಜೆ ಲೇಖನ ಬರೆದ ಹುಡುಗನೇ ನನ್ನ ಚರ್ಚೆಪುಟಕ್ಕೆ ಬಂದ. ಮೇಷ್ಟ್ರ ಶಿಷ್ಯನಂತೆ. ನನ್ನ ಹೆಸರು ನೋಡಿ ಕನ್ನಡದಲ್ಲೇ ಶುರು ಮಾಡಿದ.

“ಸರ್, ದುಡ್ಡು ತಗೊಳ್ದೆ ಎಷ್ಟು ಜನಕ್ಕೆ ಪಾಠ ಹೇಳ್ಕೊಟ್ಟಿದಾರೆ ಗೊತ್ತಾ? ಅವ್ರು ದೊಡ್ಡವರಲ್ಲ ಅಂತ ನೀವ್ ಹೇಗೆ ಹೇಳ್ತೀರಾ?”

ಅಯ್ಯೋ, ನಾನೆಲ್ಲಿ ಹಾಗಂದೆ! ಅವ್ರು ದೊಡ್ಡವರೇ ಇರಬಹುದು, ನಾವಲ್ಲಿ ತೂಗೋದು ಅದನ್ನಲ್ಲ, ಅವರಿಗೆ ಸಂಬಂಧ ಇಲ್ಲದವರು ಯಾರಾದ್ರೂ ಅವರ ಬಗ್ಗೆ ಸ್ವಲ್ಪ ವಿವರವಾಗಿ, ನಂಬಬಹುದಾದ ಕಡೆ ಬರೆದಿದಾರಾ ಅಂತ ಅಷ್ಟೇ, ಅಂದೆ.

“ನಾನೇ ಬರ್ದಿದೀನಲ್ಲ ಸರ್.”

ನಗು ಬಂತು, ಆಮೇಲೆ ಪಾಪ ಅನ್ನಿಸ್ತು. ಅವನು ಕೊಟ್ಟಿದ್ದ ಲಿಂಕುಗಳಲ್ಲಿ ಒಂದು ಮೇಷ್ಟ್ರದ್ದೇ ವೆಬ್‌ಸೈಟು, ಒಂದು ಇಂಟರ್ವ್ಯೂ (ಅಲ್ಲಿ ಮಾತಾಡಿರೋದು ಅವರೇ, ಹಾಗಾಗಿ ಸ್ವತಂತ್ರ ಮೂಲ ಅಂತ ಲೆಕ್ಕಕ್ಕೆ ಬರಲ್ಲ), ಉಳಿದಿದ್ದು ಕಾರ್ಯಕ್ರಮದ ಪಟ್ಟಿ, ಅದರಲ್ಲಿ ಹೆಸರು ಬಿಟ್ರೆ ಬೇರೇನಿಲ್ಲ. ನಾನೂ ಹುಡುಕಿದೆ, ಸಿಗಲಿಲ್ಲ.

ಬೆಳಗ್ಗೆಯಿಂದ ಇನ್ನೊಂದು ತಲೆನೋವು. ನಿನ್ನೆ ಮೊನ್ನೆ ಹುಟ್ಟಿದ ಅಕೌಂಟುಗಳೆಲ್ಲ ಸಾಲಾಗಿ ಬಂದು ‘ಕೀಪ್, ಮಹಾನ್ ಗುರುಗಳು’ ಅಂತ ಬರೀತಿವೆ. ಇದೇನು ಎಲೆಕ್ಷನ್ನಾ? ಅಡ್ಮಿನ್ ತಲೆ ಎಣಿಸಲ್ಲ, ವಾದ ನೋಡ್ತಾರೆ, ಒಂದೇ ಒಂದು ಒಳ್ಳೆ ಮೂಲ ಹಿಡ್ಕೊಂಡು ಬಂದವರ ಮಾತು ಇಂಥ ಇಪ್ಪತ್ತು ಕೀಪ್‌ಗಿಂತ ಹೆಚ್ಚು ನಡೆಯತ್ತೆ. ಹೀಗೆ ಜನ ಸೇರಿಸಿದ್ರೆ ಇರೋ ಅನುಕಂಪಾನೂ ಹೋಗತ್ತೆ, ನಂಗಂತೂ ಹೋಯ್ತು ಸ್ವಲ್ಪ ಹೊತ್ತು.

ಆದ್ರೂ ಕೆನಡಾದ ಭೌತವಿಜ್ಞಾನಿ ಡೋನಾ ಸ್ಟ್ರಿಕ್‌ಲ್ಯಾಂಡ್ ನೆನಪಾಗ್ತಾರೆ. 2018ರ ಮೇ ತಿಂಗಳಲ್ಲಿ ಅವರ ಬಗ್ಗೆ ಬಂದ ಡ್ರಾಫ್ಟನ್ನ (ಕರಡು ಲೇಖನ) ಮೂಲಗಳು ಸಾಲದು ಅಂತ ವಾಪಸ್ ಕಳಿಸಿದ್ರು, ಅಕ್ಟೋಬರ್ 2ಕ್ಕೆ ಫಿಸಿಕ್ಸ್ ನೊಬೆಲ್ ಬಂತು! ಪ್ರೊಫೆಸರುಗಳಿಗೆ ಬೇರೆ ಮಾನದಂಡಾನೇ ಇದೆ, ಆಪ್ಟಿಕಲ್ ಸೊಸೈಟಿ ಅನ್ನೋ ಬೆಳಕಿನ ವಿಜ್ಞಾನಿಗಳ ಸಂಘದ ಅಧ್ಯಕ್ಷೆ ಆಗಿದ್ದವರು ಅದರಲ್ಲಿ ಆರಾಮಾಗಿ ಪಾಸಾಗ್ತಿದ್ರು, ಯಾರೂ ಆ ಕಡೆಯಿಂದ ನೋಡಲಿಲ್ಲ ಅಷ್ಟೆ. ಮೇಷ್ಟ್ರಿಗೆ ಅಂಥ ದಾರಿನೂ ಇಲ್ಲ. ಪೇಪರಿನವರು ಬರೀದಿದ್ರೆ ನಮ್ಮಲ್ಲೂ ಇಲ್ಲ, ಪೇಪರಿನವರು ಯಾರ ಬಗ್ಗೆ ಬರೀತಾರೆ ಅನ್ನೋದು ನಮ್ಮ ಕೈಲಿಲ್ಲ. ರೂಲು ಸರಿನೇ, ಅದಿಲ್ದಿದ್ರೆ ವಿಕಿಪೀಡಿಯ ತುಂಬ ಬರೀ ಸ್ವಂತ ಜಾಹೀರಾತು. ಆದ್ರೆ ಮೊದಲೇ ಸುದ್ದಿಯಾಗದವರನ್ನ ಅದೇ ರೂಲು ಇನ್ನೊಂದ್ಸಲ ಹೊರಗಿಡತ್ತೆ.

ಅವನಿಗೆ ಹೇಳಿದೆ, ಮೂಲ ಇಂಗ್ಲಿಷಲ್ಲೇ ಇರಬೇಕಂತಿಲ್ಲ, ನೆಟ್ಟಲ್ಲೇ ಸಿಗಬೇಕಂತಲೂ ಇಲ್ಲ, ಹಳೇ ಪತ್ರಿಕೆಯಲ್ಲಿ ಬಂದಿದ್ರೆ ಹೆಸರು, ತಾರೀಖು, ಪುಟ ಸಮೇತ ಕೊಡು ಸಾಕು. ಡಿಲೀಟ್ ಆದ್ರೂ ಅಡ್ಮಿನ್‌ಗಳಿಗೆ ಕಾಣತ್ತೆ, ಕೇಳ್ಕೊಂಡ್ರೆ ಡ್ರಾಫ್ಟ್ ಮಾಡಿ ಕೊಡ್ತಾರೆ.

“ಮೊದ್ಲೇ ಹೇಳೋದಲ್ವಾ ಸರ್” ಅಂದ. ಮೇಷ್ಟ್ರ ಮನೇಲಿ ಕಟಿಂಗ್ಸ್ ಫೈಲ್ ಒಂದಿದೆಯಂತೆ, ನಾಳೆ ಹೋಗಿ ಕೇಳ್ತಾನಂತೆ. ಅಷ್ಟರಲ್ಲಿ ಚರ್ಚೆ ಕ್ಲೋಸ್ ಆಗದೆ ಇದ್ರೆ ಸರಿ. ಇನ್ನೊಂದು ವಾರ ರೀಲಿಸ್ಟ್ ಮಾಡಿ, ಅಂದ್ರೆ ಚರ್ಚೆ ಮುಂದುವರಿಸಿ ಅಂತ ನಾನೇ ಒಂದು ಸಾಲು ಹಾಕಲಾ ಅಂತ ಯೋಚನೆ, ಡಿಲೀಟ್ ಅಂದವನೇ ಹೀಗೆ ಕೇಳಿದ್ರೆ ಉಳಿದವರು ಏನಂತಾರೋ, ಏನಾದ್ರೂ ಅನ್ಲಿ, ಫೈಲಲ್ಲಿ ಇರೋದೂ ಬರೀ ಕಾರ್ಯಕ್ರಮದ ಪಟ್ಟಿನೇ ಆದ್ರೆ ಮಾತ್ರ…