ಶೀತಲ ಪ್ಲಾಸ್ಮಾ ಮತ್ತು ಚರ್ಮದ ಶಿಲೀಂಧ್ರ: ಕೆರಾಟಿನ್ ಪದರದ ಪ್ರಯೋಗ, ಪ್ರಗತಿ ಟಿಪ್ಪಣಿ

ತೆರೆದ ಅಗರ್ (ಸೂಕ್ಷ್ಮಜೀವಿಗಳನ್ನು ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಬೆಳೆದ ಯೀಸ್ಟನ್ನು ಕೊಲ್ಲುವುದು ಶೀತಲ ಪ್ಲಾಸ್ಮಾಕ್ಕೆ, ಅಂದರೆ ಹೆಚ್ಚು ಬಿಸಿಯಾಗದೆ ವಿದ್ಯುತ್ತಿನಿಂದ ಹೊಳೆಯುವ ಅನಿಲಕ್ಕೆ, ಕಷ್ಟದ ಕೆಲಸವಲ್ಲ ಎಂಬುದು ಹಿಂದಿನ ಹಂತದಲ್ಲಿಯೇ ಸ್ಪಷ್ಟವಾಗಿತ್ತು. ಆದ್ದರಿಂದ ಈ ಹಂತದಲ್ಲಿ ಒಂದೇ ಪ್ರಶ್ನೆಯನ್ನು ಕೈಗೆತ್ತಿಕೊಂಡೆ: ನಡುವೆ ಕೆರಾಟಿನ್ (ಉಗುರು, ಕೂದಲು, ಚರ್ಮದ ಹೊರಪದರಗಳ ಗಟ್ಟಿ ಪ್ರೋಟೀನು) ಪದರ ಅಡ್ಡವಿದ್ದರೆ ಪ್ಲಾಸ್ಮಾದ ಪರಿಣಾಮ ಎಷ್ಟು ಆಳಕ್ಕೆ ಇಳಿಯುತ್ತದೆ? ಹುಳುಕಡ್ಡಿಗೆ ಕಾರಣವಾಗುವ ಟ್ರೈಕೊಫೈಟನ್, ಮೈಕ್ರೊಸ್ಪೋರಮ್, ಎಪಿಡರ್ಮೊಫೈಟನ್ ಗುಂಪಿನ ಶಿಲೀಂಧ್ರಗಳು ಕೆರಾಟಿನ್ನನ್ನೇ ಉಂಡು ಬದುಕುತ್ತವೆ. ಅವು ಚರ್ಮದ ಹೊರಪದರದಲ್ಲಿ, ಕೂದಲಿನಲ್ಲಿ, ಉಗುರಿನ ಅಡಿಯಲ್ಲಿ ನೆಲೆಸುವುದರಿಂದ ಚಿಕಿತ್ಸೆಯ ಫಲ ಬಹುಮಟ್ಟಿಗೆ ಈ ಆಳವನ್ನೇ ಅವಲಂಬಿಸಿದೆ. ಶಿಲೀಂಧ್ರನಾಶಕ ಔಷಧವಾದ ಟರ್ಬಿನಾಫಿನ್‌ಗೆ ಬಗ್ಗದ ಟ್ರೈಕೊಫೈಟನ್ ತಳಿಗಳು ಹರಡುತ್ತಿರುವ ಈ ಕಾಲದಲ್ಲಿ, ಆ ಔಷಧದಂತೆ ಒಂದೇ ಕಿಣ್ವವನ್ನು ಗುರಿಯಾಗಿಸದೆ ಜೀವಕೋಶದ ಪೊರೆ, ಪ್ರೋಟೀನು, ಡಿಎನ್‌ಎ ಎಲ್ಲವನ್ನೂ ಏಕಕಾಲದಲ್ಲಿ ಘಾಸಿಗೊಳಿಸುವ ವಿಧಾನವೊಂದು ಅತ್ಯಗತ್ಯವೆಂದು ನಾನು ನಂಬಿದ್ದೇನೆ.

ಉಪಕರಣ ಮೊದಲಿನದೇ. ತಾಮ್ರದ ಎಲೆಕ್ಟ್ರೋಡಿನ ಮುಂದೆ ಅಲ್ಯೂಮಿನಾ ಬಿಲ್ಲೆಯಿದ್ದು, ಅದರ ಮತ್ತು ಅಗರ್‌ನ ನಡುವಿನ ಕಿರಿದಾದ ಗಾಳಿಯ ಅಂತರದಲ್ಲಿ ನೇರಳೆ ಬಣ್ಣದ ಹೊಳಪು ಮೂಡುತ್ತದೆ. 1857ರಲ್ಲಿ ವರ್ನರ್ ಫಾನ್ ಸೀಮೆನ್ಸ್ ಓಜೋನ್ ತಯಾರಿಕೆಗೆ ಬಳಸಿದ ತತ್ವವೇ ಇದು: ನಿರೋಧಕ ಬಿಲ್ಲೆಯು ವಿದ್ಯುತ್ ಪ್ರವಾಹವನ್ನು ಮಿತಿಯಲ್ಲಿಟ್ಟು ಕಿಡಿ ಉರಿಯಾಗದಂತೆ ತಡೆಯುತ್ತದೆ, ಎಲೆಕ್ಟ್ರಾನುಗಳು ಮಾತ್ರ ಬಿಸಿಯೇರಿ, ಅನಿಲವು ಹೆಚ್ಚುಕಡಿಮೆ ಕೋಣೆಯ ಉಷ್ಣತೆಯಲ್ಲೇ ಉಳಿಯುತ್ತದೆ. ಅಗರ್‌ನ ಮೇಲ್ಮೈ 40 ಡಿಗ್ರಿ ಸೆಲ್ಸಿಯಸ್ ದಾಟದಂತೆ ಪ್ರತಿ ಬಾರಿಯೂ ನೋಡಿಕೊಂಡೆ, ಏಕೆಂದರೆ ಯೀಸ್ಟ್ ಸತ್ತದ್ದು ಶಾಖದಿಂದ ಎಂಬ ಅನುಮಾನಕ್ಕೆ ಎಡೆಯಿರಬಾರದು. ರೋಗಕಾರಕ ಶಿಲೀಂಧ್ರವನ್ನು ಮನೆಯಲ್ಲಿ ಬೆಳೆಸುವುದು ಸರಿಯಲ್ಲವಾದ್ದರಿಂದ ಬ್ರೆಡ್ ಯೀಸ್ಟನ್ನೇ ಬಳಸುತ್ತಿದ್ದೇನೆ. ಆದರೆ ಎಳೆಗಳಾಗಿ ಬೆಳೆಯುವ ಶಿಲೀಂಧ್ರದ ಬೀಜಕಗಳು ಇದಕ್ಕಿಂತ ಗಟ್ಟಿ ಎಂಬುದನ್ನು ಫಲಿತಾಂಶ ಓದುವಾಗ ಮರೆಯುವಂತಿಲ್ಲ.

ಕೊಲ್ಲುತ್ತಿರುವುದು ಯಾವುದು ಎಂದು ತಿಳಿಯಲು ಯೀಸ್ಟ್ ಹರಡಿದ ಅಗರ್‌ನ ಒಂದು ಭಾಗಕ್ಕೆ ತೆಳುವಾದ ಕ್ವಾರ್ಟ್ಸ್ ಗಾಜನ್ನು ಮುಚ್ಚಿದೆ. ಕ್ವಾರ್ಟ್ಸ್ ಅತಿನೇರಳೆ ಕಿರಣವನ್ನು ಬಿಟ್ಟುಕೊಡುತ್ತದೆ, ಅನಿಲವನ್ನು ಬಿಡುವುದಿಲ್ಲ. ಗಾಜಿನ ಕೆಳಗೆ ಯೀಸ್ಟ್ ಎಂದಿನಂತೆ ದಟ್ಟವಾಗಿ ಬೆಳೆಯಿತು. ತೆರೆದ ಭಾಗದಲ್ಲಿ ಹೊಳಪಿನ ವ್ಯಾಪ್ತಿಗಿಂತಲೂ ಅಗಲವಾದ ಬೋಳು ವೃತ್ತ ಉಳಿಯಿತು. ಹಾಗಾಗಿ ನನ್ನ ಉಪಕರಣದಲ್ಲಿ ಮುಖ್ಯ ಕೆಲಸ ಮಾಡುತ್ತಿರುವುದು ಬೆಳಕಲ್ಲ. ಓಜೋನ್, ನೈಟ್ರೋಜನ್ ಆಕ್ಸೈಡುಗಳಂತಹ ಚುರುಕಾದ ಅಣುಗಳು.

ಮುಂದಿನದು ಈ ಹಂತದ ತಿರುಳು. ಉಗುರಿಗೆ ಬದಲಾಗಿ ದನದ ಗೊರಸಿನ ತೆಳು ಬಿಲ್ಲೆಗಳನ್ನು ಕತ್ತರಿಸಿ, ಅಡಿಯಲ್ಲಿ ಗಂಜಿ ಮತ್ತು ಪೊಟ್ಯಾಸಿಯಂ ಅಯೊಡೈಡ್ ಸವರಿದ ಒದ್ದೆ ಕಾಗದವನ್ನಿಟ್ಟು, ಅನಿಲ ಬದಿಯಿಂದ ನುಸುಳದಂತೆ ಅಂಚನ್ನು ಪೆಟ್ರೋಲಿಯಂ ಜೆಲ್ಲಿಯಿಂದ ಮುಚ್ಚಿದೆ. ಓಜೋನಿನಂತಹ ಉತ್ಕರ್ಷಕ (ಆಕ್ಸಿಡೀಕರಿಸುವ) ಅಣುಗಳು ತಲುಪಿದ ಕಡೆ ಅಯೋಡಿನ್ ಬಿಡುಗಡೆಯಾಗಿ ಕಾಗದ ನೀಲಿಗಟ್ಟುತ್ತದೆ. ತೆರೆದಿಟ್ಟ ಕಾಗದ ಕೆಲವೇ ಕ್ಷಣಗಳಲ್ಲಿ ಕಡುನೀಲಿಯಾಯಿತು. ಅತಿ ತೆಳುವಾದ ಬಿಲ್ಲೆಯ ಕೆಳಗೆ ಬಣ್ಣ ತಡವಾಗಿ, ಮಸುಕಾಗಿ, ಚುಕ್ಕೆ ಚುಕ್ಕೆಯಾಗಿ ಬಂತು; ನಿಜವಾದ ಕಾಲುಗುರಿನಷ್ಟು ದಪ್ಪದ ಬಿಲ್ಲೆಯ ಕೆಳಗೆ ಕಾಗದ ಬಿಳಿಯಾಗಿಯೇ ಉಳಿಯಿತು. ಆ ಚುಕ್ಕೆಗಳಿದ್ದ ಜಾಗದಲ್ಲಿ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಗೊರಸಿನ ಸೂಕ್ಷ್ಮ ಕೊಳವೆಗಳ ಸಾಲು ಕಂಡಿತು. ಕೆರಾಟಿನ್ನಿನಲ್ಲಿರುವ ಗಂಧಕದ ಬಂಧಗಳೊಡನೆ ವರ್ತಿಸಿ ಈ ಅಣುಗಳು ದಾರಿಯಲ್ಲೇ ಖರ್ಚಾಗುತ್ತವೆ ಎಂಬುದು ನನ್ನ ವಿವರಣೆ. ಮೈಮೇಲಿನ ಹುಳುಕಡ್ಡಿಯ ಸ್ಥಿತಿ ಇದಕ್ಕಿಂತ ಆಶಾದಾಯಕ: ಅಲ್ಲಿ ಚರ್ಮದ ಸತ್ತ ಹೊರಪದರದ ದಪ್ಪ ಸಾಮಾನ್ಯವಾಗಿ 10ರಿಂದ 20 ಮೈಕ್ರೋಮೀಟರ್ ಮಾತ್ರ.

ಸುರಕ್ಷತೆಯ ಮಾತನ್ನು ಬಿಡುವಂತಿಲ್ಲ. ಈ ಉಪಕರಣವನ್ನು ಯಾರ ಚರ್ಮದ ಮೇಲೂ ಇಟ್ಟಿಲ್ಲ, ಇಡುವುದೂ ಇಲ್ಲ. ಅಧಿಕ ವೋಲ್ಟೇಜ್ ಒಂದು ಕಾರಣವಾದರೆ ಓಜೋನ್ ಮತ್ತೊಂದು. ಕೆಲಸದ ಸ್ಥಳದ ಗಾಳಿಯಲ್ಲಿ ಓಜೋನ್ 0.1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 0.1 ಭಾಗ) ಮೀರಬಾರದೆಂಬ ಮಿತಿಯನ್ನೇ ಪಾಲಿಸಿ, ಗಾಳಿಯನ್ನು ಹೊರಗೆಳೆಯುವ ಪೆಟ್ಟಿಗೆಯೊಳಗೇ ಪ್ರಯೋಗ ನಡೆಸುತ್ತೇನೆ.

ಉಗುರಿನ ಚಿಕಿತ್ಸೆಯಲ್ಲಿ ಬಳಸುವ ಶೇ 40ರ ಯೂರಿಯಾ ಮುಲಾಮು ಕೆರಾಟಿನ್ನನ್ನು ಮೆತ್ತಗಾಗಿಸುತ್ತದೆ. ಮುಂದಿನ ಹಂತದಲ್ಲಿ ದಪ್ಪ ಬಿಲ್ಲೆಗಳಿಗೆ ಅದನ್ನು ಹಚ್ಚಿಟ್ಟು, ಚೆನ್ನಾಗಿ ಒರೆಸಿ, ಅದೇ ಕಾಗದದ ಪರೀಕ್ಷೆಯನ್ನು ಪುನಃ ನಡೆಸಲಿದ್ದೇನೆ. ಜೊತೆಗೆ ಬರಿಯ ನೀರಿನಲ್ಲಿ ನೆನೆಸಿದ ಬಿಲ್ಲೆಗಳನ್ನೂ ಹೋಲಿಕೆಗೆ ಇಡುತ್ತೇನೆ.