ಮೂರು ರಾತ್ರಿ, ಒಂದು ಮಸುಕು ಗುಳ್ಳೆ

ಅಬೆಲ್ 39 ಎಂಬ ಮಸುಕು ನೀಹಾರಿಕೆ ಕೊನೆಗೂ ನನ್ನ ಕ್ಯಾಮೆರಾಗೆ ಸಿಕ್ಕಿತು! ಮೂರು ರಾತ್ರಿ ಕೂತು ತೆಗೆದ, ಐದೈದು ನಿಮಿಷದ ಎಕ್ಸ್‌ಪೋಶರ್‌ಗಳು. ಒಂದೊಂದನ್ನೇ ತೆರೆದು ನೋಡಿದರೆ ಏನೂ ಇಲ್ಲ, ಬರೀ ನಕ್ಷತ್ರ ಮತ್ತು ನಾಯ್ಸ್. ಎಲ್ಲವನ್ನೂ ಸ್ಟ್ಯಾಕ್ ಮಾಡಿ (ಒಂದರ ಮೇಲೊಂದು ಸೇರಿಸಿ) ಸ್ವಲ್ಪ ಸ್ವಲ್ಪವೇ ಸ್ಟ್ರೆಚ್ ಮಾಡುತ್ತಾ (ಮಸುಕು ಭಾಗಗಳನ್ನು ಬೆಳಗಿಸುತ್ತಾ) ಹೋದಾಗ ಹರ್ಕ್ಯುಲಿಸ್ ನಕ್ಷತ್ರಪುಂಜದ ಆ ಗುಂಡನೆಯ ಗ್ರಹೀಯ ನೀಹಾರಿಕೆ (ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡ) ಮೆಲ್ಲಗೆ ಎದ್ದು ಬಂತು, ಕತ್ತಲಲ್ಲಿ ಯಾರೋ ಸೋಪಿನ ಗುಳ್ಳೆ ಊದಿ ಬಿಟ್ಟ ಹಾಗೆ. (ಎರಡನೇ ರಾತ್ರಿಯ ಅರ್ಧ ಫ್ರೇಮ್‌ಗಳು ಡಿಲೀಟ್. ಡ್ಯೂ ಹೀಟರ್ ಆನ್ ಮಾಡೋದನ್ನೇ ಮರೆತಿದ್ದೆ, ಲೆನ್ಸ್ ಮೇಲೆ ಇಬ್ಬನಿ ಕೂತಿತ್ತು. ಬೈಯೋಕೆ ನನ್ನನ್ನು ಬಿಟ್ಟು ಯಾರೂ ಇಲ್ಲ.)

ಇಷ್ಟು ಮಸುಕಾದದ್ದು ಸಿಗೋದು ಓ-ಥ್ರೀ ಫಿಲ್ಟರ್‌ನಿಂದ. 500.7 ನ್ಯಾನೋಮೀಟರ್ ಸುತ್ತಮುತ್ತಲಿನ ಹಸಿರು ಬೆಳಕನ್ನು ಮಾತ್ರ ಒಳಗೆ ಬಿಟ್ಟು, ಉಳಿದದ್ದನ್ನೆಲ್ಲ ತಡೆಯುತ್ತದೆ. ವರ್ಣಪಟಲದಲ್ಲಿ ಇದೇ ಹಸಿರು ಗೆರೆಯನ್ನು 1864ರಲ್ಲಿ ಖಗೋಳಜ್ಞ ವಿಲಿಯಂ ಹಗಿನ್ಸ್ ಇನ್ನೊಂದು ಗ್ರಹೀಯ ನೀಹಾರಿಕೆಯಲ್ಲಿ ಕಂಡಿದ್ದರು. ಭೂಮಿಯ ಮೇಲಿನ ಯಾವ ಧಾತುವಿಗೂ ಅದು ತಾಳೆಯಾಗಲಿಲ್ಲ, ಹಾಗಾಗಿ ಹೊಸ ಧಾತು ಇರಬೇಕು ಅಂತ 'ನೆಬ್ಯುಲಿಯಂ' ಎಂಬ ಹೆಸರೂ ಬಂತು. ಆಮೇಲೆ 1927ರಲ್ಲಿ ಭೌತವಿಜ್ಞಾನಿ ಐರಾ ಬೋವೆನ್ ಗುಟ್ಟು ಬಿಡಿಸಿದರು: ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ, ಅದೇ ಓ-ಥ್ರೀ. ಅನಿಲ ತುಂಬಾ ತೆಳ್ಳಗಿದ್ದರೆ ಮಾತ್ರ ಹಾಗೆ ಹೊಳೆಯುತ್ತದೆ. ಇಲ್ಲಿ ನಾವು ಉಸಿರಾಡುವ ಅದೇ ಆಮ್ಲಜನಕ, ಅಲ್ಲಿ ಸಾಯುತ್ತಿರುವ ನಕ್ಷತ್ರದ ಸುತ್ತ ಗುರುತೇ ಸಿಗದ ಹಾಗೆ! ಫ್ರೇಮ್ ಎಣಿಸುತ್ತಾ ಕೂತವನಿಗೆ ಸುಮ್ನೆ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಹೊರಗಿನ ಅಂಚು ಇನ್ನೂ ಸರಿಯಾಗಿ ಬಂದಿಲ್ಲ. ಚಂದ್ರನ ಬೆಳಕು ಕಡಿಮೆಯಾಗಲಿ, ಇನ್ನೊಂದೆರಡು ರಾತ್ರಿ ಸೇರಿಸುತ್ತೇನೆ.